ನಮ್ಮ ಮೈಕು, ವೈನಿಯ ಕೌದಿ, ಮೈಸೂರಿನ ಮೇಡಂ

ವಾರಕ್ಕೊಮ್ಮೆ ಶುಕ್ರವಾರ ಬರುತ್ತದಲ್ಲ, ನಮ್ಮ ಆಫೀಸಿನಲ್ಲಿ ನಗಲಿಕ್ಕೆ ಅಷ್ಟು ಸಾಕು. ಬೇರೆ ಯಾವ ಏರ್ಪಾಡೂ ಬೇಕಾಗಿಲ್ಲ.

ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ನಮ್ಮದೊಂದು ಸಣ್ಣ ಕಾರ್ಖಾನೆ. ನೀರಿನ ಪಂಪಿನ ವಾಲ್ವ್ ಮಾಡುತ್ತೇವೆ. ನಾನು ದಿನಾ ಧಾರವಾಡದಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವಳು ಎಂದು ಮೇಲ್ ಬರೆಯಲು ನನ್ನನ್ನು ತಗೊಂಡರು. ಮೇಲ್ ಬರೆಯಲು ಬಾಯಿ ಬೇಕಾಗುವುದಿಲ್ಲ, ನನಗೂ ಅಂಥ ಕೆಲಸವೇ ಬೇಕಿತ್ತು. ಕಾನ್ಫರೆನ್ಸ್ ರೂಮಿಗೆ ಹೊಸ ಮೈಕು, ಸ್ಪೀಕರು ಬಂದ ದಿನ ಅವನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತು ಬಂತು. ಮಾಲೀಕರು, ಅವರನ್ನು ನಾವೆಲ್ಲ ಸಾಹೇಬರು ಅನ್ನುತ್ತೇವೆ, ಮೂಲೆಯಲ್ಲಿದ್ದ ನನ್ನ ಕಡೆ ಬೆರಳು ಮಾಡಿದರು.

"ಈ ತಂಗಿ ಕೈಯಾಗ ಕೊಡ್ರಿ. ಬಾಯಿ ಇಲ್ಲದವರ ಕೈಯಾಗ ಮೈಕ್ ಇದ್ರ ಹಾಳಾಗೂದಿಲ್ಲ."

ಆ ಮೈಕು ಬಂದದ್ದು ಮೈಸೂರಿನ ಒಂದು ಕಂಪನಿಯ ಸಲುವಾಗಿ. ನಮ್ಮ ಅರ್ಧ ಕೆಲಸ ಅವರದೇ. ಅಲ್ಲಿ ಹೊಸದಾಗಿ ಬಂದ ಖರೀದಿ ವಿಭಾಗದ ಮೇಡಂ ಫೋನಿನಲ್ಲಿ ಖಡಕ್ಕಾಗಿ ಹೇಳಿದ್ದರು: "ವಾಲ್ವ್ ಡ್ರಾಯಿಂಗ್ ಬದಲಾಗಿದೆ ಸರ್. ಮೂರು ಶುಕ್ರವಾರ ವಿಡಿಯೋ ಕಾಲ್‌ನಲ್ಲಿ ಕೂತು ಮಾತಾಡೋಣ. ಹೊಂದಿಕೆ ಆದ್ರೆ ನಿಮ್ಮ ಹತ್ರಾನೇ ಮುಂದುವರಿಸ್ತೀವಿ. ಇಲ್ಲಾಂದ್ರೆ ಕೊಯಮತ್ತೂರಿನವರು ಕೇಳ್ತಾನೇ ಇದ್ದಾರೆ."

ಫೋನ್ ಇಟ್ಟು ಸಾಹೇಬರು ಹಾಜರಿ ಪುಸ್ತಕ ತರಿಸಿ ನೋಡಿದರು. ಆಮೇಲೆ, "ಈ ಕೆಲಸ ಹೋತಂದ್ರ ಎರಡನೇ ಪಾಳಿ ಬಂದ್ ಮಾಡಬೇಕಾಗ್ತೈತಿ" ಅಂದರು. ಎರಡನೇ ಪಾಳಿಯಲ್ಲಿ ಇಪ್ಪತ್ತು ಜನ ಇದ್ದರು. ಮೂರು ಶುಕ್ರವಾರ ಇದ್ದವು. ಮೈಕು ನನ್ನ ಕೈಯಲ್ಲಿತ್ತು.

೧. ಭೋಂಗಾ

ಮೊದಲ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಾಲ್. ಹತ್ತೂ ಐವತ್ತಕ್ಕೇ ಎಲ್ಲರೂ ಕಾನ್ಫರೆನ್ಸ್ ರೂಮಿಗೆ ಬಂದರು: ಸಾಹೇಬರು, ಪ್ರೊಡಕ್ಷನ್ ಮ್ಯಾನೇಜರು, ಸ್ಟೋರ್ಸ್ ನೋಡುವ ಕಾಕಾ, ಅಕೌಂಟ್ಸಿನ ವೈನಿ. ಅವರು ಯಾರ ಅಣ್ಣನ ಹೆಂಡತಿಯೂ ಅಲ್ಲ, ಆದರೂ ಇಡೀ ಕಾರ್ಖಾನೆಗೆ ವೈನಿ. ಎಲ್ಲರ ಕಂಕುಳಲ್ಲೂ ಒಂದೊಂದು ಲ್ಯಾಪ್‌ಟಾಪು. ಸಾಲಾಗಿ ಕೂತರು, ಸಾಲಾಗಿ ಬಿಚ್ಚಿದರು, ಐವರೂ ಒಂದೇ ಕಾಲ್‌ಗೆ ಸೇರಿದೆವು.

ಐದು ಮೈಕು, ಐದು ಸ್ಪೀಕರು, ಒಂದು ರೂಮು. ಸಾಹೇಬರು "ಹಲೋ" ಅಂದರು. ಆ ಒಂದು ಹಲೋ ಒಂದು ಲ್ಯಾಪ್‌ಟಾಪಿನಿಂದ ಹೊರಬಿದ್ದು, ಇನ್ನೊಂದರೊಳಗೆ ಹೊಕ್ಕು, ಮೂರನೆಯದರಿಂದ ಎದ್ದು, ಕೊನೆಗೆ ಸೈರನ್ನಿನ ಹಾಗೆ ಕೂಂ ಎಂದು ಕೂಗಲು ಶುರುಮಾಡಿತು. ತೆರೆಯ ಮೇಲೆ ಮೇಡಂ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದದ್ದು ಕಂಡಿತು. ವೈನಿ ಎರಡೂ ಕಿವಿ ಮುಚ್ಚಿಕೊಂಡು "ಯಾರ್ ಕೂಗಾಕತ್ತೀರಿ?" ಎಂದು ತಾವೇ ಕೂಗಿದರು. ಕಾಕಾ ತಮ್ಮದು ಬಂದ್ ಆಗಲೆಂದು ಸಿಕ್ಕ ಗುಂಡಿ ಒತ್ತಿದರು, ಸೌಂಡ್ ಪೂರ್ತಿ ಏರಿತು.

ನಾನು ಒಂದೊಂದೇ ಲ್ಯಾಪ್‌ಟಾಪು ಮುಚ್ಚುತ್ತ ಹೋದೆ. ಕೂಗು ನಿಂತಿತು. ಮೇಡಂ ಮುಂದಿನ ವಾರ ನೋಡೋಣ ಅಂದು ಹೋಗಿಬಿಟ್ಟರು. ಬಾಗಿಲು ತೆಗೆದು ಹೊರಗೆ ಬಂದರೆ ಮಷೀನುಗಳೆಲ್ಲ ನಿಂತಿವೆ. ಕೆಲಸಗಾರರೆಲ್ಲ ಕೈ ತೊಳೆದು, ಸಾಲಾಗಿ ಕೂತು, ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾರೆ.

ಸಾಹೇಬರು, "ಯಾಕ್ರೋ, ಇನ್ನ ಹನ್ನೊಂದೂಕಾಲು!" ಅಂದರು.

ಒಬ್ಬ ಬಾಯಲ್ಲಿದ್ದ ತುತ್ತು ನುಂಗಿ ಹೇಳಿದ: "ಊಟದ ಭೋಂಗಾ ಆತಲ್ರಿ ಸಾಹೇಬ್ರ. ಇವತ್ತ ಭಾಳ ಛಲೋ ಕೇಳಿಸ್ತು."

೨. ಮೂರು ಚುಕ್ಕಿ

ಆ ವಾರವೆಲ್ಲ ನಾನು ಓದಿದೆ. ಒಂದು ರೂಮಿಗೆ ಒಂದೇ ಲ್ಯಾಪ್‌ಟಾಪು, ಒಂದೇ ಮೈಕು, ಒಂದೇ ಸ್ಪೀಕರು. ಉಳಿದವರು ಸುಮ್ಮನೆ ಕೂತರೆ ಆಯಿತು. ಇಷ್ಟೇ. ಅದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರ ಮೇಜಿನ ಮೇಲೆ ಇಟ್ಟೆ, ಹೇಳುವ ಧೈರ್ಯ ಇರಲಿಲ್ಲ.

ಯಾರೂ ಒಪ್ಪಲಿಲ್ಲ. ಕಾರಣ ಸೌಂಡ್ ಅಲ್ಲ, ಹೆಸರು. ಲ್ಯಾಪ್‌ಟಾಪಿನಿಂದ ಸೇರಿದರೆ ತೆರೆಯ ಮೇಲೆ ಹೆಸರು ಬರುತ್ತದೆ.

"ಅಲ್ಲವಾ, ಅವರು ನೋಡಿ ಏನ್ ತಿಳ್ಕೋತಾರ? ಈ ಆಫೀಸಿನ್ಯಾಗ ಸ್ಟೋರ್ಸಿಗೆ ಯಾರೂ ಇಲ್ಲಾ ಅಂತ ತಿಳ್ಕೋತಾರ" ಅಂದರು ಕಾಕಾ.

ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದ ಸೋದರಮಾವನ ಮುಖ ಯಾರಾದರೂ ನೋಡಿದ್ದರೆ, ಆ ದಿನದ ಕಾಕಾನ ಮುಖ ನಾನು ಬೇರೆ ಹೇಳಬೇಕಾಗಿಲ್ಲ.

ನಾನು ಒಂದು ಉಪಾಯ ಮಾಡಿದೆ. ಒಂದೇ ಲ್ಯಾಪ್‌ಟಾಪು, ಆದರೆ ಹೆಸರಿನ ಜಾಗದಲ್ಲಿ ಎಲ್ಲರ ಹೆಸರು. ಯಾರ ಹೆಸರು ಮೊದಲು ಎಂಬುದಕ್ಕೆ ಅರ್ಧ ದಿನ ಹೋಯಿತು. ಸಾಹೇಬರದು ಮೊದಲು, ಆಮೇಲೆ ಮ್ಯಾನೇಜರು, ಆಮೇಲೆ ವೈನಿ. "ನಂದ್ ಕಡೀಕ ಹಾಕವಾ, ನಂಗೇನ್ ಅದರ ಹಂಬಲಿಲ್ಲ" ಎಂದು ಕಾಕಾ ದೊಡ್ಡ ಮನಸ್ಸು ಮಾಡಿದರು.

ಎರಡನೇ ಶುಕ್ರವಾರ ಕಾಲ್ ಶುರುವಾಯಿತು. ಕೂಗು ಇಲ್ಲ. ನನಗೆ ಎದೆ ಹಗುರಾಯಿತು. ಆದರೆ ಕಾಕಾ ಕನ್ನಡಕ ಏರಿಸಿ ತೆರೆಯ ಹತ್ತಿರ ಹೋಗಿ, ಹಿಂದೆ ಬಂದು, ಮತ್ತೆ ಹತ್ತಿರ ಹೋದರು. ಅಷ್ಟುದ್ದ ಹೆಸರು ತೆರೆಗೆ ಹಿಡಿಸಿರಲಿಲ್ಲ. ವೈನಿಯ ಹೆಸರು ಅರ್ಧಕ್ಕೆ ತುಂಡಾಗಿ, ಅದರ ಮುಂದೆ ಮೂರು ಚುಕ್ಕಿ ಬಿದ್ದಿದ್ದವು.

ವೈನಿ ಮೆಲ್ಲಗೆ ಅಂದರು: "ನನ್ನನ್ನರ ಅರ್ಧ ಉಳಿಸ್ಯಾಳ."

ಕಾಕಾ ಕುರ್ಚಿಯಲ್ಲಿ ಕುಸಿದು ಕೂತರು. "ಮೂವತ್ತ ವರ್ಷ ಸರ್ವಿಸ್ ಮಾಡೇನಿ ಮಗಳ. ಒಂದ ಚುಕ್ಕಿ ಆಗಿದ್ರ ಸಹಿಸ್ತಿದ್ದೆ."

೩. ಚೀಟಿ

ಅದೇ ಕಾಲ್‌ನಲ್ಲಿ ಹತ್ತು ನಿಮಿಷ ಆಗುವಷ್ಟರಲ್ಲಿ ಮೇಡಂ ಹೇಳಿದರು: "ಸರ್, ಎಕೋ ಆಗ್ತಿದೆ. ನಾನು ಮಾತಾಡಿದ್ದೆಲ್ಲ ನನಗೇ ವಾಪಸ್ ಕೇಳಿಸ್ತಿದೆ."

ಸಾಹೇಬರು ನಾಲ್ಕೂ ಕಡೆ ಕಿವಿಗೊಟ್ಟರು. "ನಮಗೇನೂ ಕೇಳಸವಲ್ತು ಮೇಡಂ. ನಿಮ್ಮ ಕಡೀನ ಏನರ ಇರಬೇಕು. ಸ್ವಲ್ಪ ಚೆಕ್ ಮಾಡ್ಸ್ರಿ." ಮ್ಯಾನೇಜರು ಹೌದು ಎಂದು ತಲೆಯಾಡಿಸಿದರು.

ಈ ಎಕೋದ ವಿಚಿತ್ರ ಏನೆಂದರೆ, ತಪ್ಪು ಮಾಡಿದವರಿಗೆ ಅದು ಕೇಳಿಸುವುದಿಲ್ಲ. ಯಾರ ಮಾತು ಅವರಿಗೇ ವಾಪಸ್ ಕೇಳಿಸುತ್ತದೋ, ಅವರ ಎದುರಿನ ಕಡೆ ತೊಂದರೆ ಇರುತ್ತದೆ. ಮೇಡಂ ಧ್ವನಿ ನಮ್ಮ ಸ್ಪೀಕರಿನಿಂದ ಜೋರಾಗಿ ಬಂದು, ಪಕ್ಕದಲ್ಲೇ ಇದ್ದ ನಮ್ಮ ಮೈಕಿಗೆ ಹೊಕ್ಕು, ಮೈಸೂರಿಗೆ ವಾಪಸ್ ಹೋಗುತ್ತಿತ್ತು. ಸ್ಪೀಕರು ದೂರ ಸರಿಸಿ, ಸೌಂಡ್ ಇಳಿಸಿದರೆ ಮುಗಿಯಿತು.

ಆದರೆ ಅಷ್ಟು ಜನರ ನಡುವೆ ಸಾಹೇಬರಿಗೆ ತಪ್ಪು ನಮ್ಮದು ಎಂದು ಹೇಗೆ ಹೇಳುವುದು? ಒಂದು ಚೀಟಿ ಬರೆದು ಮೇಜಿನ ಮೇಲೆ ಅವರ ಕಡೆ ಜಾರಿಸಿದೆ. ಅವರ ಕನ್ನಡಕ ಕ್ಯಾಬಿನ್ನಿನಲ್ಲಿತ್ತು. ಚೀಟಿಯನ್ನು ದೂರ ಹಿಡಿದರು, ಹತ್ತಿರ ಹಿಡಿದರು, ವೈನಿಗೆ ಕೊಟ್ಟರು. "ಏನೋ ಬರದಾಳ ನೋಡ್ರಿ, ಓದ್ರಿ."

ವೈನಿ ಶಾಲೆಯ ದಿನಗಳಲ್ಲಿ ಪ್ರಾರ್ಥನೆ ಹೇಳಿಸುತ್ತಿದ್ದವರಂತೆ. ಗಂಟಲು ಸರಿಮಾಡಿಕೊಂಡು ಒಂದೊಂದು ಅಕ್ಷರವೂ ಮುತ್ತಿನ ಹಾಗೆ ಓದಿದರು:

"ಸರ್, ತಪ್ಪು ನಮ್ಮದೇ. ಸದ್ಯಕ್ಕೆ ಅವರಿಗೆ ಹೇಳಬೇಡಿ."

ಸ್ಪೀಕರಿನಿಂದ ಮೇಡಂ ಹೇಳಿದರು: "ಬೆಳಿಗ್ಗೆಯಿಂದ ಇದೊಂದೇ ಸರ್ ಸ್ಪಷ್ಟವಾಗಿ ಕೇಳಿಸಿದ್ದು."

೪. ಧ್ವನಿ ಪರೀಕ್ಷೆ

ಇನ್ನು ಒಂದೇ ಶುಕ್ರವಾರ. ಸ್ಪೀಕರು ದೂರ ಸರಿಸಿದೆ, ಸೌಂಡ್ ಇಳಿಸಿದೆ, ಸೋಮವಾರ ನನ್ನ ಫೋನಿನಿಂದ ಕಾಲ್ ಹಚ್ಚಿ ಪರೀಕ್ಷೆ ಮಾಡಿದೆ. ಎಕೋ ಕಡಿಮೆಯಾಗಿತ್ತು. ಆದರೆ ಮಾತು ಬಾವಿಯೊಳಗಿಂದ ಬಂದಂತೆ ಗುಂಯ್ ಅನ್ನುತ್ತಿತ್ತು. ಸಾಹೇಬರು ಆಸೆಯಿಂದ ಮಾಡಿಸಿದ ರೂಮು ಅದು. ನೆಲಕ್ಕೆ ಗ್ರಾನೈಟು, ಎರಡು ಕಡೆ ಗಾಜು, ಎರಡು ಕಡೆ ಬೋಳು ಗೋಡೆ. ಧ್ವನಿ ಎಲ್ಲಿ ಹೋಗಿ ಕೂಡಬೇಕು? ಬಡಿದು ಬಡಿದು ವಾಪಸ್ ಬರುತ್ತಿತ್ತು. ಗೋಡೆಗೆ ಮೆತ್ತನೆಯದು ಏನಾದರೂ ಬೇಕು ಅಂದೆ. ಅಂಗಡಿಯವರು ಅದನ್ನು ತರಿಸಿ ಕೂಡಿಸಲು ಮೂರು ವಾರ ಬೇಕು ಅಂದರು.

ವೈನಿ ಕೇಳಿದರು: "ಮೆತ್ತಗ ಇರಬೇಕು, ದಪ್ಪ ಇರಬೇಕು, ಅಷ್ಟ ಹೌದಲ್ಲೋ? ನಮ್ಮನ್ಯಾಗ ಎಂಟ್ ಕೌದಿ ಬಿದ್ದಾವ. ನಮ್ಮ ಅತ್ತಿ ಹೊಲಿದಿದ್ದು."

ಹಳೇ ಸೀರೆ, ಧೋತರದ ತುಂಡುಗಳನ್ನು ಪದರು ಪದರಾಗಿ ಇಟ್ಟು ಕೈಯಲ್ಲಿ ಹೊಲಿದ ಹೊದಿಕೆಗಳು ಅದೇ ಸಂಜೆ ಬಂದವು. ಇಳಕಲ್ ಸೀರೆಯ ಅಂಚು, ಯಾರದೋ ಲಂಗದ ಹೂವು, ಯಾರದೋ ಶಾಲೆಯ ಅಂಗಿಯ ನೀಲಿ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆವು. ನಾನು ನಡುವೆ ನಿಂತು ಚಪ್ಪಾಳೆ ತಟ್ಟಿದೆ. ಸದ್ದು ಅಲ್ಲೇ ಸತ್ತಿತು. ಅದಕ್ಕಿಂತ ಸಂತೋಷ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಮರುದಿನದಿಂದ ಮಧ್ಯಾಹ್ನ ಎರಡರಿಂದ ಮೂರರವರೆಗೆ ಆ ರೂಮು ಖಾಲಿ ಸಿಗುವುದು ನಿಂತಿತು. ರೂಮು ಬೇಕಾದವರು ಹೆಸರು ಬರೆಯುವ ರಿಜಿಸ್ಟರ್ ತೆಗೆದು ನೋಡಿದೆ. ಮಂಗಳವಾರ ಕಾಕಾ, ಬುಧವಾರ ಕಾಕಾ, ಗುರುವಾರವೂ ಕಾಕಾ. ವಿಷಯದ ಕಾಲಮ್ಮಿನಲ್ಲಿ ದುಂಡಗೆ ಬರೆದಿದ್ದರು: 'ಧ್ವನಿ ಪರೀಕ್ಷೆ.'

ಬಾಗಿಲಿಗೆ ಕಿವಿ ಇಟ್ಟೆ. ಸುಳ್ಳಲ್ಲ, ಪರೀಕ್ಷೆ ನಡೆದಿತ್ತು. ಗೊರಕೆ ಒಂದು ಸಲ ಹೋದದ್ದು ಮತ್ತೆ ವಾಪಸ್ ಬರುತ್ತಿರಲಿಲ್ಲ.

೫. ಮೈಸೂರಿನ ಹಿರಿಯರು

ಮೂರನೇ ಶುಕ್ರವಾರ. ಒಂದು ಲ್ಯಾಪ್‌ಟಾಪು, ಒಂದು ಮೈಕು, ಸುತ್ತ ಕೌದಿ. ಸಾಹೇಬರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಡ್ರಾಯಿಂಗ್ ಬಗ್ಗೆ ಏನೇನು ಹೇಳಬೇಕು ಎಂದು ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದರು.

ಮೇಡಂ ಬಂದರು. "ಇವತ್ತು ತುಂಬಾ ಚೆನ್ನಾಗಿ ಕೇಳಿಸ್ತಿದೆ ಸರ್! ಎಕೋನೇ ಇಲ್ಲ. ಇವತ್ತು ನಾನೊಬ್ಬಳೇ ಅಲ್ಲ, ನಮ್ಮ ದೊಡ್ಡ ರೂಮಿಂದ ಎಲ್ಲರೂ ಕೂತಿದ್ದೀವಿ. ಶುರು ಮಾಡಿ."

ತೆರೆಯ ಮೇಲೆ ಉದ್ದ ಮೇಜು, ಏಳೆಂಟು ಜನ. ದೂರದ ತುದಿಯಲ್ಲಿ ತಲೆ ನರೆತ ಒಬ್ಬರು ಹಿರಿಯರು ಕಾಫಿ ಕುಡಿಯುತ್ತ ಕೂತಿದ್ದರು.

ಸಾಹೇಬರು ಕೈ ಮುಗಿದರು. "ನಮಸ್ಕಾರ್ರಿ."

ಒಂದು ಕ್ಷಣ ಬಿಟ್ಟು ಸ್ಪೀಕರಿನಿಂದ ದಪ್ಪ ಧ್ವನಿಯೊಂದು ಬಂತು: "ನಮಸ್ಕಾರ್ರಿ."

ಸಾಹೇಬರು ಮತ್ತೊಮ್ಮೆ ಕೈ ಮುಗಿದರು. ಈ ಸಲ ತೊಂದರೆ ಮೈಸೂರಿನ ರೂಮಿನಲ್ಲಿತ್ತು. ಅವರ ಸ್ಪೀಕರಿನಿಂದ ಹೊರಟ ಸಾಹೇಬರ ಮಾತು ಅವರ ಮೈಕಿಗೆ ಹೊಕ್ಕು ನಮಗೇ ವಾಪಸ್ ಬರುತ್ತಿತ್ತು. ತಮ್ಮ ಧ್ವನಿಯನ್ನು ಯಂತ್ರದಿಂದ ಕೇಳಿ ಅಭ್ಯಾಸ ಇಲ್ಲದ ಸಾಹೇಬರಿಗೆ ಅದು ತಮ್ಮದೇ ಎಂದು ಗುರುತು ಸಿಗಲಿಲ್ಲ.

"ಹಂಗಾರ ಸುರು ಮಾಡೋಣೇನ್ರಿ?" ಅಂದರು.

"ಸುರು ಮಾಡೋಣೇನ್ರಿ?" ಅಂದಿತು ಸ್ಪೀಕರು.

"ಹಾಂ, ಹೇಳ್ರಿ."

"ಹೇಳ್ರಿ."

"ಇಲ್ಲಿಲ್ಲ, ನೀವ ಮೊದಲ ಹೇಳ್ರಿ."

"ನೀವ ಮೊದಲ ಹೇಳ್ರಿ."

"ಛೇ ಛೇ, ಹಿರಿಯರು ನೀವು. ನೀವ ಹೇಳಬೇಕು."

"ಹಿರಿಯರು ನೀವು. ನೀವ ಹೇಳಬೇಕು."

ಸಾಹೇಬರು ಮೈಕಿಗೆ ಕೈ ಅಡ್ಡ ಇಟ್ಟು ನನ್ನ ಕಿವಿಯಲ್ಲಿ ಅಂದರು: "ಆ ತುದೀಗೆ ಕುಂತ ಹಿರಿಯರು ನಮ್ಮ ಕಡೆಯವರ ಕಾಣ್ತಾರ. ಎಂಥಾ ಮರ್ಯಾದಿ ನೋಡು! ಇಂಥವರ ಮುಂದ ನಾ ಹೆಂಗ ಮೊದಲ ಬಾಯಿ ತಗೀಲಿ?" ಎದುರಿನ ಹಿರಿಯರು ಪಾಪ, ಕಾಫಿ ಊದಿಕೊಳ್ಳುತ್ತಿದ್ದರು.

ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ತಿವಿದರು. "ನೀ ಹೇಳವಾ ಅವರಿಗೆ."

"ವೈನಿ, ನೀವು ಹೇಳ್ರಿ."

"ನಾ ಒಲ್ಲೆವಾ. ಹೋದ ವಾರ ಓದಿದ್ದ ಸಾಕಾಗೇತಿ."

ಎರಡು ನಿಮಿಷ ಹೋಯಿತು. ಮೇಡಂ ಗಡಿಯಾರ ನೋಡಿದರು. ಅವರ ಪಕ್ಕದವರು ಏನೋ ಪಿಸುಗುಟ್ಟಿದರು. ಇಪ್ಪತ್ತು ಜನರ ಎರಡನೇ ಪಾಳಿ ಒಂದು ಮರ್ಯಾದೆಯ ಜಗ್ಗಾಟದಲ್ಲಿ ಸಿಕ್ಕಿಕೊಂಡಿತ್ತು, ಅದೂ ಒಬ್ಬರೇ ಎರಡೂ ಕಡೆ ನಿಂತು ಜಗ್ಗುತ್ತಿದ್ದ ಜಗ್ಗಾಟ. ಬಾಯಿ ತೆಗೆಯುವುದು ನನ್ನಿಂದ ಆಗಲಿಲ್ಲ. ಲ್ಯಾಪ್‌ಟಾಪು ನನ್ನೆಡೆ ಎಳೆದುಕೊಂಡು ಚಾಟಿನಲ್ಲಿ ಮೇಡಂಗೆ ಟೈಪ್ ಮಾಡಿದೆ: ಸರ್ ಮಾತಾಡುವವರೆಗೆ ದಯವಿಟ್ಟು ನಿಮ್ಮ ರೂಮಿನ ಮೈಕ್ ಬಂದ್ ಮಾಡಿ, ಎಕೋ ಈ ಸಲ ನಿಮ್ಮ ಕಡೆಯದು.

ಮೇಡಂ ಓದಿದರು. ಮುಖ ಕೆಂಪಾಯಿತು. ಮೈಕ್ ಬಂದ್ ಆಯಿತು.

ಸಾಹೇಬರು ಇನ್ನೊಮ್ಮೆ "ನೀವ ಹೇಳ್ರಿ" ಅಂದರು. ಉತ್ತರ ಬರಲಿಲ್ಲ. ಅವರ ಮುಖ ಅರಳಿತು. "ಒಪ್ಪಿದ್ರು! ಕಡೀಕೂ ನನಗ ಬಿಟ್ಟುಕೊಟ್ರು" ಎಂದು ಹಾಳೆ ಎತ್ತಿಕೊಂಡರು. ಆಮೇಲೆ ಇಪ್ಪತ್ತು ನಿಮಿಷ ಎಷ್ಟು ಚೊಕ್ಕವಾಗಿ ಹೇಳಿದರೆಂದರೆ, ಕಾಕಾ ಸಹಿತ ಎಚ್ಚರವಾಗಿದ್ದರು.

ಕೊನೆಗೆ ಮೇಡಂ ಮೈಕ್ ಮತ್ತೆ ಆನ್ ಮಾಡಿ ಹೇಳಿದರು: "ಎಲ್ಲಾ ಅರ್ಥ ಆಯ್ತು ಸರ್. ಕೊಯಮತ್ತೂರಿನವರಿಗೆ ಬೇಡ ಅಂತ ಹೇಳಿಬಿಡ್ತೀವಿ. ಕೆಲಸ ನಿಮ್ಮದೇ."

ರೂಮಿನಲ್ಲಿ ಎದ್ದ ಕೂಗಿಗೆ ಕೌದಿಗಳೂ ಸಾಕಾಗಲಿಲ್ಲ. ಸಾಹೇಬರು ಕಣ್ಣು ಒರೆಸಿಕೊಂಡು ನನ್ನನ್ನು ಕರೆದರು. "ಧಾರವಾಡದಾಗ ಇಳಿದ ಕೂಡ್ಲೆ ಎರಡ ಡಬ್ಬಿ ಪೇಢೆ ತಗೋ ತಂಗಿ. ಒಂದು ಮೇಡಂ ಹೆಸರಿಗೆ ಕಳಸು. ಇನ್ನೊಂದು, 'ನೀವ ಮೊದಲ ಹೇಳ್ರಿ' ಅಂದ್ರಲ್ಲಾ, ಅವರಿಗೆ. ಅವರಿಗೆ ಮುಟ್ಟಬೇಕು ನೋಡು, ಮತ್ತ್ಯಾರ ಕೈಗೂ ಸಿಗಬಾರದು."

ಒಂದು ಡಬ್ಬಿ ಮೈಸೂರಿಗೆ ಕಳಿಸಿದೆ. ಇನ್ನೊಂದರ ಬಗ್ಗೆ ರಾತ್ರಿಯೆಲ್ಲ ಯೋಚಿಸಿದೆ. ಸುಳ್ಳು ಹೇಳಲಿಕ್ಕೆ ನನಗೆ ಬರುವುದಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸಾಹೇಬರ ಮೇಜಿನ ಮೇಲೆಯೇ ಇಟ್ಟೆ.

ಸಾಹೇಬರು ಬಂದು ಡಬ್ಬಿ ತೆಗೆದರು, ಒಂದು ಬಾಯಿಗೆ ಹಾಕಿಕೊಂಡರು. "ಇದು ಯಾರ ಕಡಿಂದ ತಂಗಿ?"

"ನೀವ ಮೊದಲ ಹೇಳ್ರಿ ಅಂದ್ರಲ್ಲಾ ಸರ್, ಅವರ ಕಡಿಂದ."

ಸಾಹೇಬರು ಅಗಿಯುವುದನ್ನು ನಿಲ್ಲಿಸಿದರು. "ಅಬಾಬಾ! ನಮ್ಮ ಡಬ್ಬಿ ಮುಟ್ಟೂದರಾಗ ಅವರದ ಬಂತಲ್ಲಾ! ಇದರಾಗೂ ಅವರ ನನಗಿಂತ ಮುಂದ ಆದ್ರು!" ಎಂದು ಎದ್ದುನಿಂತರು. "ಹಂಗ ಬಿಡಬಾರದು. ಇವತ್ತ ಇನ್ನೊಂದು ಡಬ್ಬಿ ಕಳಸು."