ಮಂಜುಗಡ್ಡೆಯ ಮೇಲೆ ಕುಂಬಳಕಾಯಿ ಒಡೆದ ಪ್ರಸಂಗ

ದೃಷ್ಟಿ ತೆಗೆಯುವ ವಿದ್ಯೆ ನನಗೆ ಚಿಕ್ಕಂದಿನಿಂದಲೇ ಬಂದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ದಿನ ತಂದೆಯ ಸ್ಕೂಟರಿನ ಮುಂದೆ ಕುಂಬಳಕಾಯಿ ಒಡೆಯುವ ಅಧಿಕಾರ ನನ್ನದೇ. ಆ ಸ್ಕೂಟರು ಒಮ್ಮೆಯೂ ಯಾರಿಗೂ ಗುದ್ದಲಿಲ್ಲ. ಅದು ಹೆಚ್ಚಿನ ದಿನ ಸ್ಟಾರ್ಟೇ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು! ಅಂಥ ಅನುಭವಸ್ಥ ಒಂದು ಐಸ್ ಹಾಕಿ ತಂಡವನ್ನು ಸೋಲಿನಿಂದ ಪಾರುಮಾಡಲಾರನೇ? ಎಂಬತ್ತರ ದಶಕದ ಆ ನವೆಂಬರಿನಲ್ಲಿ ನಾನು ಹಾಗೆಂದೇ ನಂಬಿದ್ದೆ.

ಸಮುದ್ರ ದಾಟಿ ಬಂದು ನೆಲೆಸಿದ್ದ ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಕ್ಕದ ಮನೆಯವನು ಮರ್ವ್. ಕೆನಡಾದವನು. ಯೌವನವನ್ನೆಲ್ಲ ಐಸ್ ಹಾಕಿ ಆಡಿಯೇ ಹೊಟ್ಟೆ ಹೊರೆದುಕೊಂಡವನು. ಮುಂದಿನ ಹಲ್ಲುಗಳನ್ನೂ ಎಡಮಂಡಿಯನ್ನೂ ಆಟಕ್ಕೇ ಒಪ್ಪಿಸಿ, ಈಗ ಕೊಲ್ಲಿಯ ಆಚೆ ದಡದ ಒಂದು ಸಣ್ಣ ತಂಡಕ್ಕೆ ಕೋಚ್ ಆಗಿದ್ದ. ತಂಡ ಸೋಲುತ್ತಿತ್ತು. ಎಷ್ಟು ನಿಷ್ಠೆಯಿಂದ ಸೋಲುತ್ತಿತ್ತೆಂದರೆ, ಎದುರಾಳಿಗಳಿಗೇ ಸಂಕೋಚವಾಗುತ್ತಿತ್ತು.

ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ನನ್ನ ಹೆಂಡತಿ ವಿಮಲಾ ಮಾಡಿದ ಉಪ್ಪಿಟ್ಟು ತಿನ್ನುತ್ತಾ ಮರ್ವ್ ಹೇಳಿದ, "ಶನಿವಾರ ಸೋತರೆ ನನ್ನನ್ನು ತೆಗೀತಾರೆ, ರಾವ್. ಈ ವಯಸ್ಸಿಗೆ, ಈ ಮಂಡಿಗೆ, ಇನ್ಯಾರು ಕೆಲಸ ಕೊಡ್ತಾರೆ?"

ಆಮೇಲೆ ದನಿ ತಗ್ಗಿಸಿದ. ಬೆಳಗ್ಗೆ ಬೀಗ ತೆಗೆದಾಗ ಖಾಲಿ ರಿಂಕಿನಲ್ಲಿ, ಅಂದರೆ ಆ ಐಸಿನ ಅಂಗಳದಲ್ಲಿ, ಯಾರೋ ಸ್ಕೇಟ್ ಮಾಡಿದ ಸದ್ದು ಬರುತ್ತದಂತೆ. ರಾತ್ರಿ ನುಣುಪಾಗಿಸಿಟ್ಟ ಐಸಿನ ಮೇಲೆ ಬೆಳಗ್ಗೆ ಹೊಸ ಗೀರುಗಳಂತೆ. ಒಮ್ಮೊಮ್ಮೆ ಸೀಟಿ. ಹೋದ ವಾರ ಗೋಲಿನ ಹಿಂದಿನ ದೊಡ್ಡ ಗಾಜು, ಆಟದ ಬಿಲ್ಲೆಯೂ ಇಲ್ಲ, ಕೋಲೂ ಇಲ್ಲ, ತಾನಾಗಿಯೇ ಪುಡಿಪುಡಿಯಾಯಿತಂತೆ.

ಕೇಳುತ್ತಾ ಕೇಳುತ್ತಾ ನಾನು ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡೆ. ಆದರೂ ಗಂಭೀರವಾಗಿ, "ಇದು ದೃಷ್ಟಿ. ನಾನು ತೆಗೀತೀನಿ," ಎಂದು ಘೋಷಿಸಿದೆ. ಗೆಲ್ಲುವ ಆಸೆಗೆ ಇಡೀ ಸೀಸನ್ ಒಂದೇ ಕಾಲುಚೀಲ ಒಗೆಯದೆ ಹಾಕಿಕೊಳ್ಳುವ ಜಾತಿ ಈ ಆಟಗಾರರದು. ಮರ್ವ್ ತಕ್ಷಣ ಒಪ್ಪಿ ಬೀಗದ ಕೈ ಕೊಟ್ಟ!

"ರೀ, ನಿಮಗ್ಯಾಕೆ ಊರ ಉಸಾಬರಿ? ಅಷ್ಟಕ್ಕೂ ಇಲ್ಲಿ ಬೂದುಗುಂಬಳ ಎಲ್ಲಿ ಸಿಗತ್ತೆ?" ಎಂದಳು ವಿಮಲಾ.

ನಾನು ಹೊಸ್ತಿಲಾಚೆ ಕೈ ತೋರಿಸಿದೆ. ಇಲ್ಲಿಯವರ ದೆವ್ವದ ಹಬ್ಬ ಹ್ಯಾಲೊವೀನಿಗೆಂದು ಮಗಳು ಕಣ್ಣು, ಮೂಗು, ಹಲ್ಲು ಕೊರೆದಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿ ಅಲ್ಲೇ ಕೂತು ನಗುತ್ತಿತ್ತು.

"ಅಯ್ಯೋ ರಾಮ! ಮುಖ ಇರೋ ಕುಂಬಳಕಾಯಿನ ಯಾರಾದ್ರೂ ಒಡೀತಾರಾ?"

"ಒಳಗೆ ಖಾಲಿ ಇದೆಯಲ್ಲೇ. ಕುಂಕುಮ ತುಂಬೋಕೆ ಅನುಕೂಲ."

ಶುಕ್ರವಾರ ಬೆಳಗ್ಗೆ ಅದರೊಳಗೆ ಕುಂಕುಮದ ನೀರು ತುಂಬಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದೆ. ಕಣ್ಣು ಬಾಯಿಗಳಿಗೆ ಅಂಟುಪಟ್ಟಿ ಹಾಕಿದ್ದೆ. ಅಂಟುಪಟ್ಟಿ ಕೆಲಸ ಮಾಡಿದ್ದು ಸೇತುವೆಯವರೆಗೆ ಮಾತ್ರ! ಟೋಲ್ ಬೂತಿನ ಹೆಂಗಸು ಕೈ ಚಾಚಿದಳು. ಪಂಚೆ ಉಟ್ಟು ಶಲ್ಯ ಹೊದ್ದ ನನ್ನನ್ನು ನೋಡಿದಳು. ಪಕ್ಕದಲ್ಲಿ ಕೆಂಪು ಕಣ್ಣೀರು ಸುರಿಸುತ್ತಾ ಹಲ್ಲು ಕಿರಿಯುತ್ತಿದ್ದವನನ್ನು ನೋಡಿದಳು. ಚಾಚಿದ ಕೈಯನ್ನು ಖಾಲಿಯಾಗಿಯೇ ಒಳಗೆಳೆದುಕೊಂಡಳು. ಇದನ್ನು ನಾನು ಶುಭಶಕುನವೆಂದೇ ಭಾವಿಸಿದೆ.

ರಿಂಕಿನ ಬಾಗಿಲು ತೆರೆದಾಗ ಹೊರಗಿನಂತೆ ಒಳಗೂ ಮಂಜು. ಐಸಿನ ಮೇಲೆ ಸೊಂಟದೆತ್ತರಕ್ಕೆ ನಿಂತಿತ್ತು. ಒಂದೇ ಒಂದು ದೀಪ ಉರಿಯುತ್ತಿತ್ತು. ದೇವರ ಕೆಲಸಕ್ಕೆ ಚಪ್ಪಲಿ ಹಾಕುತ್ತಾರೆಯೇ? ಬಿಟ್ಟೆ. ಬರಿಗಾಲನ್ನು ಐಸಿನ ಮೇಲಿಟ್ಟ ಕ್ಷಣದಲ್ಲಿ ನನಗೆ ತಿಳಿದಿದ್ದ ಮಂತ್ರಗಳೆಲ್ಲ ಮರೆತುಹೋದವು. "ಅಮ್ಮಾ" ಎಂಬುದೊಂದೇ ನೆನಪಿನಲ್ಲಿ ಉಳಿಯಿತು.

ಕುಂಟುತ್ತಾ ಜಾರುತ್ತಾ ಗೋಲಿನ ಮುಂದೆ ಬಂದು ನಿಂತೆ. ಎಲ್ಲೋ ದೂರದಲ್ಲಿ ಸರ್ರ್ ಎಂದಿತು. ನಾನು ನಿಂತರೆ ಅದೂ ನಿಂತಿತು. ನಿಜ ಹೇಳುತ್ತೇನೆ, ಹೆದರಿಕೆಯಾಯಿತು. ಮನೆಗೆ ಓಡಿಹೋಗೋಣ ಎನ್ನಿಸಿತು. ಆದರೆ ಮರ್ವ್‌ನ ಮುಖ ನೆನಪಾಯಿತು. ಕಾಲು ಹೇಗೂ ಐಸಿಗೆ ಅಂಟಿಕೊಂಡಿತ್ತು.

ತಲೆಯೆತ್ತಿದಾಗ ಗೋಲಿನ ಹಿಂದೆ ಮಂಜಿನಲ್ಲಿ ಬಿಳಿ ಬಟ್ಟೆಯವನೊಬ್ಬ ಅಲುಗಾಡದೆ ನಿಂತಿದ್ದ. ಎದೆ ಬಾಯಿಗೆ ಬಂತು. ಮರುಕ್ಷಣವೇ ನಗು ಬಂತು. ಗಾಜಿನಲ್ಲಿ ನನ್ನದೇ ಪ್ರತಿಬಿಂಬ! ಸ್ವಲ್ಪ ಎತ್ತರವಾಗಿಯೇ ಕಂಡೆ. ಪಂಚೆಯಲ್ಲಿ ನನಗೊಂದು ನಿಲುವಿದೆ ಎಂದು ಹೆಮ್ಮೆಯೂ ಆಯಿತು. ಕುಂಬಳಕಾಯಿಯನ್ನು ನಿವಾಳಿಸಿ ಎರಡೂ ಕೈಯಿಂದ ಮೇಲೆತ್ತಿದೆ. ಪ್ರತಿಬಿಂಬವೂ ಕೈ ಎತ್ತಿತೋ ಇಲ್ಲವೋ, ಮಂಜಿನಲ್ಲಿ ತಿಳಿಯಲಿಲ್ಲ. ಆಗಲೇ ಸೀಟಿ ಕೇಳಿಸಿತು, ಸಣ್ಣಗೆ, ಕಿವಿಯ ಹತ್ತಿರವೇ.

ಕುಂಬಳಕಾಯಿ ಒಡೆಯಿತು. ನಾನೂ ಬಿದ್ದೆ!

ಕುಂಕುಮದ ನೀರು ನನ್ನ ಪಂಚೆಗೂ ಗೋಲಿನ ಮುಂದಿನ ಐಸಿಗೂ ಸಮಪಾಲಾಗಿ ಹಂಚಿಹೋಯಿತು. ಮುಖದ ಭಾಗ ಮಾತ್ರ ಒಡೆಯದೆ, ಗಿರಗಿರ ತಿರುಗುತ್ತಾ, ರಿಂಕಿನ ಉದ್ದಕ್ಕೂ ಜಾರಿಕೊಂಡು ಹೋಗಿ, ಪ್ರಾಕ್ಟೀಸಿಗೆಂದು ಆಗತಾನೆ ತಂಡದವರೊಂದಿಗೆ ಬಾಗಿಲಿಗೆ ಬಂದು ನಿಂತಿದ್ದ ಕ್ಯಾಪ್ಟನ್ನನ ಕಾಲಬುಡದಲ್ಲಿ ನಿಂತು ನಕ್ಕಿತು. ಗಡ್ಡ ಬಿಟ್ಟ, ಗೂಳಿಯಂಥ ಗಂಡಸರು! ಕೋಲುಗಳನ್ನು ಎಸೆದು, ಚೀರಿಕೊಂಡು ಪಾರ್ಕಿಂಗ್ ಲಾಟಿಗೆ ಓಡಿದರು.

ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ತಪ್ಪು ತಿದ್ದಬೇಕೆಂದು ಬಚ್ಚಲಿನಿಂದ ಬಿಸಿನೀರು ತಂದು ಸುರಿದೆ. ಐಸ್ ಕರಗಿತು, ಕುಂಕುಮ ಕೆಳಗಿಳಿಯಿತು, ಮತ್ತೆ ಹೆಪ್ಪುಗಟ್ಟಿತು. ಆಮೇಲೆ ರಿಂಕಿನವರು ಐಸ್ ನುಣುಪಾಗಿಸುವ ಯಂತ್ರ ಓಡಿಸಿದಾಗ ಮೇಲೆ ಹೊಸ ಐಸ್ ಕೂತಿತು. ಒಳಗೆ ಕೆಂಪು ಹಾಗೇ ಉಳಿಯಿತು, ಕಣ್ಣು ಬಿಟ್ಟುಕೊಂಡು.

"ನಾಳೆ ಮ್ಯಾಚು, ರಾವ್," ಎಂದಷ್ಟೇ ಹೇಳಿ ಮರ್ವ್ ತಲೆಯ ಮೇಲೆ ಕೈಯಿಟ್ಟು ಕೂತ. ನನ್ನ ಉಪ್ಪಿಟ್ಟು ತಿಂದವನ ಅನ್ನಕ್ಕೇ ಕಲ್ಲು ಹಾಕಿದೆನಲ್ಲ! ಆ ದಿನ ಊಟ ಸೇರಲಿಲ್ಲ.

ಶನಿವಾರ ವಿಮಲಾಳನ್ನು ಕರೆದುಕೊಂಡು ಹೋಗಿ, ಕೊನೆಯ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತೆ. ಆದದ್ದೇ ಬೇರೆ. ಆ ಕೆಂಪಿನ ಹತ್ತಿರ ಹೋಗಲು ನಮ್ಮ ಹುಡುಗರಿಗೆ ಧೈರ್ಯವಿರಲಿಲ್ಲ. ಆದ್ದರಿಂದ ಆಟವನ್ನು ಆ ಕಡೆಗೆ ಬರಲೇ ಬಿಡಲಿಲ್ಲ! ಪ್ರಾಣ ಒತ್ತೆಯಿಟ್ಟು ಆಚೆ ತುದಿಯಲ್ಲೇ ಆಡಿದರು. ಮಧ್ಯೆ ಬದಿ ಬದಲಾದಾಗ ಸುದ್ದಿ ಕೇಳಿದ್ದ ಎದುರು ತಂಡದ ಗೋಲ್‌ಕೀಪರ್, ಒಂದು ಕಣ್ಣು ಆಟದ ಮೇಲೆ, ಒಂದು ಕಣ್ಣು ಬೆನ್ನ ಹಿಂದೆ ಇಟ್ಟುಕೊಂಡು ನಿಂತ. ನಮ್ಮವರು ದೂರದಿಂದಲೇ ಹೊಡೆದದ್ದೆಲ್ಲ ಒಳಗೆ ಹೋಯಿತು. ನಾವು ಗೆದ್ದೆವು! ಮರ್ವ್‌ನ ಕೆಲಸ ಉಳಿಯಿತು.

ಆಮೇಲಿನ ನನ್ನ ವೈಭವವನ್ನು ಏನೆಂದು ಹೇಳಲಿ? ಕನ್ನಡದವರು ಮನೆಮನೆಯಿಂದ ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ಪಕ್ಕ ನಿಂತು, ನನ್ನ ಉಗ್ರರೂಪ ಕಂಡು ದೈತ್ಯರು ಓಡಿದ ಕಥೆಯನ್ನು ಬಂದವರಿಗೆಲ್ಲ ಬಡಿಸಿದೆ.

ವಾರದ ನಡುವೆ ಮರ್ವ್ ಮತ್ತೆ ಉಪ್ಪಿಟ್ಟಿಗೆ ಬಂದ. "ರಾವ್, ಶನಿವಾರ ಇನ್ನೊಂದು ಮ್ಯಾಚು. ಒಂದು ಉಪಕಾರ ಆಗಬೇಕು."

"ಬರ್ತೀನಿ ಬಿಡು. ಅದೇ ಪಂಚೆ ತಾನೆ?"

ಮರ್ವ್ ಸಂಕೋಚದಿಂದ ತಟ್ಟೆ ನೋಡಿದ. "ನೀನು ಬರಬೇಕಂತಿಲ್ಲ. ನಿನ್ನ ಸ್ನೇಹಿತನನ್ನ ಕಳಿಸು."

"ಯಾವ ಸ್ನೇಹಿತ?"

"ಗೋಲಿನ ಹಿಂದೆ ನಿಂತಿದ್ದನಲ್ಲ, ಎತ್ತರದವನು, ಸೀಟಿ ಹಾಕ್ತಿದ್ದವನು. ನೀನು ಬಿದ್ದಾಗ ಹುಡುಗರಿಗೆ ನಗು ಬಂತಂತೆ. ಓಡಿದ್ದು ಅವನನ್ನ ನೋಡಿ."

"ಅದು ಗಾಜಿನಲ್ಲಿ ನನ್ನ ಪ್ರತಿಬಿಂಬ ಕಣಯ್ಯಾ!"

ಮರ್ವ್‌ನ ಚಮಚ ಅರ್ಧದಲ್ಲೇ ನಿಂತಿತು. "ಪುಡಿಯಾಯ್ತಲ್ಲ, ಆ ಗಾಜು ಇನ್ನೂ ಹಾಕಿಸಿಲ್ಲ, ರಾವ್."

ನನ್ನ ಅಂಗಾಲು ಮತ್ತೆ ಐಸಿನಂತೆ ತಣ್ಣಗಾಯಿತು. ವಿಮಲಾ ಮಾತ್ರ ಬಹಳ ದಿನಗಳ ಸಂಶಯವೊಂದು ಬಗೆಹರಿದವಳಂತೆ ನಿಟ್ಟುಸಿರು ಬಿಟ್ಟಳು.

"ನಾನು ಅವತ್ತೇ ಅಂದ್ಕೊಂಡೆ. ನಿಮ್ಮನ್ನ ನೋಡಿ ಹೆದರೋರು ಯಾರ್ರೀ ಇದಾರೆ? ದೆವ್ವಾನೂ ನಿಂತ್ಕೊಂಡು ತಮಾಷೆ ನೋಡಿದೆ!"