ಎರಡು ಹೆತ್ತದ್ದು, ಏಳು ಕಟ್ಟಿದ್ದು

ನಮ್ಮ ವೈನಿಗೆ ಮಕ್ಕಳೆಷ್ಟು ಎಂದು ದಯವಿಟ್ಟು ಯಾರೂ ಕೇಳಬೇಡಿ. ಕೇಳಿದವರಿಗೆ ಅವಳು ಕ್ಷಣವೂ ತಡವರಿಸದೆ "ಒಂಬತ್ತು" ಎನ್ನುತ್ತಾಳೆ. ಕೇಳಿದವರು ಒಮ್ಮೆ ಅವಳನ್ನು ನೋಡಿ, ಒಮ್ಮೆ ನಮ್ಮ ಅಣ್ಣನ ಮುಖ ನೋಡಿ, ಮಳೆ ಬೆಳೆಯ ಸುದ್ದಿ ತೆಗೆಯುತ್ತಾರೆ. ಪಾಪ, ಅಣ್ಣನ ತಪ್ಪೇನೂ ಇಲ್ಲ. ಹೆತ್ತದ್ದು ಎರಡೇ: ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗ. ಉಳಿದ ಏಳು ಹಿತ್ತಲಲ್ಲಿ ಕಟ್ಟಿದವು. ಎಮ್ಮೆ ಎರಡು, ಆಕಳೊಂದು, ಅದರ ಕರು, ಆಡೊಂದು, ಅದರ ಮರಿಗಳೆರಡು. ನಾಯಿ ಈ ಲೆಕ್ಕದಲ್ಲಿಲ್ಲ. ಅದು ನಮ್ಮ ಅಣ್ಣನ ಹಾಗೆ, ಉಣ್ಣುವ ಹೊತ್ತಿಗಷ್ಟೇ ಮನೆಯಲ್ಲಿರುತ್ತದೆ.

ವೈನಿ ಎಂದರೆ ಅಣ್ಣನ ಹೆಂಡತಿ. ಈಕೆ ಹುಬ್ಬಳ್ಳಿಯ ಕಿರಾಣಿ ಅಂಗಡಿಯವರ ಮಗಳು. ಮದುವೆಗೆ ಮೊದಲು ಆಕಳನ್ನು ಹಾಲಿನ ಪಾಕೀಟಿನ ಮೇಲಿನ ಚಿತ್ರದಲ್ಲಿ ಮಾತ್ರ ಹತ್ತಿರದಿಂದ ನೋಡಿದ್ದಳು! ಮುಂಡಗೋಡದ ಸನವಳ್ಳಿಯಲ್ಲಿರುವ ನಮ್ಮ ನಾಲ್ಕು ಎಕರೆಗೆ ಸೊಸೆಯಾಗಿ ಬಂದ ವಾರಕ್ಕೇ ಸೆಗಣಿ ಬಾಚತೊಡಗಿದಳು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ, ಇದೂ ಹಾಗೆಯೇ ಎಂದು ನಾವು ಬಳಗದವರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕು, ಅವಳು ಸುಸ್ತಾಗುವುದನ್ನು ಕಾದೆವು. ಎಂಟು ವರ್ಷವಾಯಿತು. ಇನ್ನೂ ಒಗೆಯುತ್ತಲೇ ಇದ್ದಾಳೆ.

ಸಾಕಲಿ, ಯಾರು ಬೇಡ ಎಂದರು? ನನ್ನ ತಕರಾರು ಇಷ್ಟೇ. ದನಗಳನ್ನು ಸಾಕುವ ಪದ್ಧತಿಯಲ್ಲಿ ಮಕ್ಕಳನ್ನೂ, ಮಕ್ಕಳನ್ನು ಸಾಕುವ ಪದ್ಧತಿಯಲ್ಲಿ ದನಗಳನ್ನೂ ಸಾಕಿದರೆ ನೋಡುವವರ ಗತಿಯೇನು? ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಾರೆ. ಒಂದು ಸಲ ನಾನು ಊರಿನಲ್ಲಿದ್ದಾಗ ವೈನಿಯ ಜೊತೆ ಹೋದೆ, ಹೋಗಬಾರದಿತ್ತು. ಇವಳ ಒಂದು ಬಗಲಲ್ಲಿ ಮಗ, ಇನ್ನೊಂದು ಬಗಲಲ್ಲಿ ಆಡಿನ ಮರಿ.

"ಇದನ್ಯಾಕ ತಂದೀರಿ?" ಎಂದರು ಅಂಗನವಾಡಿಯ ಅಕ್ಕೋರು.

"ಇಬ್ಬರೂ ಒಂದ ತಿಂಗಳದಾಗ ಹಾಲ ಬಿಟ್ಟಾರ್ರೀ. ಯಾರು ಎಷ್ಟ ಸೊರಗ್ಯಾರ ನೋಡಬೇಕಲ್ರಿ?"

ಅಕ್ಕೋರು ಒಳ್ಳೆಯವರು, ಎರಡನ್ನೂ ತೂಗಿದರು. "ಮರಿ ಚಲೋ ಐತ್ರೀ," ಎಂದರು, "ಮಗನ್ನ ಸ್ವಲ್ಪ ನೋಡ್ಕೋರಿ." ಸಾಲಿನಲ್ಲಿದ್ದ ತಾಯಂದಿರೆಲ್ಲ ನಕ್ಕರು. ನಾನು ಗೋಡೆಯ ಮೇಲಿನ ಅಆಇಈ ಓದುತ್ತ ನಿಂತೆ. ಅಂದಿನಿಂದ ವೈನಿ ಮರಿಗೆಂದು ನೆನೆಸುವ ಕಡಲೆಯಲ್ಲಿ ಒಂದು ಹಿಡಿ ಬೇಯಿಸಿ, ಹಿಸುಕಿ, ಮಗನಿಗೆ ತಿನ್ನಿಸಿದಳು. ಮುಂದಿನ ತಿಂಗಳು ಮಗನ ತೂಕ ಏರಿತು. ನನಗೆ ಸಿಟ್ಟು ಬರುವುದೇ ಇದಕ್ಕೆ. ಅವಳ ಹುಚ್ಚಾಟ ಪ್ರತಿ ಸಲವೂ ಫಲಿಸಿಬಿಡುತ್ತದೆ.

ಇಲ್ಲಿ ನನ್ನ ವಿಷಯ ಒಂದು ಮಾತು ಹೇಳಿಬಿಡುತ್ತೇನೆ. ನಾನು ದಾಂಡೇಲಿಯ ಬಂಗೂರನಗರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದವಳು. ಮದುವೆಯಾಗಿ ಹನ್ನೊಂದು ವರ್ಷವಾದರೂ ನನಗೆ ಮಕ್ಕಳಿಲ್ಲ. ಆದ್ದರಿಂದ ಮಕ್ಕಳನ್ನು ಹೇಗೆ ಬೆಳೆಸಬೇಕು ಎಂಬುದರ ಬಗ್ಗೆ ನನಗೆ ಬಹಳ ಖಚಿತವಾದ ಅಭಿಪ್ರಾಯಗಳಿವೆ. ಅವನ್ನು ವೈನಿಗೆ ಆಗಾಗ ತಿಳಿಸುತ್ತಲೂ ಇರುತ್ತೇನೆ. ಅವಳು ಎಮ್ಮೆಯ ಮೈ ತಿಕ್ಕುತ್ತ ಎಲ್ಲವನ್ನೂ ಕೇಳಿ, ಕೊನೆಗೆ "ಸ್ವಲ್ಪ ಆ ಬಕೀಟ ಸರಿಸವಾ" ಎನ್ನುತ್ತಾಳೆ.

ಮಗ ಅಂಬೆಗಾಲು ಬಿಟ್ಟು ಓಡತೊಡಗಿದಾಗ ಅವನು ಎಲ್ಲಿದ್ದಾನೆಂದು ತಿಳಿಯಲಿ ಎಂದು ಸೊಂಟದ ಉಡಿದಾರಕ್ಕೆ ಆಡಿನ ಗಂಟೆ ಕಟ್ಟಿದಳು. ಅದೇ ವಾರ ದೊಡ್ಡ ಎಮ್ಮೆಯ ಹಣೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು. ಕಪ್ಪು ಎಮ್ಮೆಗೆ ಕಪ್ಪು ಬೊಟ್ಟು, ಅದು ಯಾರ ಕಣ್ಣಿಗೆ ಬೀಳಬೇಕು? ಒಂದು ಸಂಜೆ ಆಡಿನ ಮರಿ ತಪ್ಪಿಸಿಕೊಂಡಿತು. ಅಣ್ಣ ಗಂಟೆಯ ಸದ್ದು ಹಿಡಿದು ಗೋವಿನಜೋಳದ ಹೊಲದೊಳಗೆ ನುಗ್ಗಿದ. ದಂಟು ಮುರಿಯುವ ಸದ್ದು, ಬೈಗಳದ ಸದ್ದು ಎಲ್ಲ ಕೇಳಿತು. ಅರ್ಧ ಗಂಟೆಯ ಮೇಲೆ ಹೊರಬಂದಾಗ ಹೆಗಲ ಮೇಲೆ ಇದ್ದದ್ದು ಮಗ, ಅವನ ಬಾಯಲ್ಲಿ ಎಳೆಯ ತೆನೆ. ಮಗ ಮನೆಯಲ್ಲಿಲ್ಲ ಎನ್ನುವುದೇ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ!

"ಮರಿ ಸಿಗಲಿಲ್ಲ," ಎಂದ ಅಣ್ಣ. "ಇದು ಸಿಕ್ತು."

ವೈನಿ ಮಗನನ್ನು ಇಳಿಸಿಕೊಂಡು, "ಇರಲಿ, ಇದೂ ನಮ್ಮದ," ಎಂದಳು.

ಆಕಳು ಈದ ಸುದ್ದಿ ಬಂದಾಗ ನಾನೂ ನಮ್ಮೆಜಮಾನರೂ ಗಿಣ್ಣದ ಆಸೆಗೆ ಎರಡು ಬಸ್ಸು ಬದಲಿಸಿ ಹೋದೆವು. ಈದ ಮೊದಲ ದಿನಗಳ ಹಾಲಿಗೆ ಬೆಲ್ಲ, ಯಾಲಕ್ಕಿ ಹಾಕಿ ಕಾಸಿದ ಗಿಣ್ಣ ನಮ್ಮ ತವರಿನಲ್ಲಿ ಮನೆಮನೆಗೂ ಹೋಗುವ ರೂಢಿ. ವೈನಿ ಬರಿಗೈ ತೋರಿಸಿದಳು. "ಅದು ಕರುವಿಂದು," ಎಂದಳು. ಬೀಗರು ಬಸ್ಸಿನಲ್ಲಿ ನುಚ್ಚಾಗಿ ಬಂದಿದ್ದಾರೆ ಎಂದು ಅಣ್ಣ ಹೇಳಿ ನೋಡಿದ. "ಅವರಿಗೆ ಹಲ್ಲ ಅದಾವ, ರೊಟ್ಟಿ ತಿಂತಾರ," ಎಂದಳು. ಆ ರೊಟ್ಟಿಯಾದರೂ ಬೇಗ ಬಂತೇ? ಆ ಮನೆಯಲ್ಲಿ ಎಲ್ಲ ದನಗಳಿಗೆ ಮೇವು ನೀರು ಆಗದೆ ಮನುಷ್ಯರ ಬಾಯಿಗೆ ಏನೂ ಬೀಳುವುದಿಲ್ಲ. ಮಕ್ಕಳೂ ಕಾಯುತ್ತವೆ, ಬೀಗರೂ ಕಾಯಬೇಕು. ನಮ್ಮೆಜಮಾನರು ಚಹಕ್ಕೆಂದು ಕಟ್ಟೆಯ ಮೇಲೆ ಮೂರು ಸಲ ಕೆಮ್ಮಿದರು.

"ಕುಂದರ್ರಿ ಅಣ್ಣಾರ," ಎಂದಳು ವೈನಿ ಕೊಟ್ಟಿಗೆಯೊಳಗಿಂದಲೇ. "ನಿಮಗ ಬಾಯಿ ಐತಿ, ಕೇಳತೀರಿ. ಅವಕ್ಕ ಎಲ್ಲಿ ಐತಿ?"

ಮರಳಿ ಬರುವಾಗ ಬಸ್ಸಿನಲ್ಲಿ ನಮ್ಮೆಜಮಾನರು ಒಂದೇ ಮಾತು ಹೇಳಿದರು: "ಮುಂದಿನ ಸಲ ನನಗೂ ಕೊಟ್ಟಿಗ್ಯಾಗ ಒಂದ ದಾವಣಿ ಕೊಡ್ಸು."

ಅಂಥ ಮನೆಯಲ್ಲಿ ಹುಡುಗಿ ಬೆಳೆದರೆ ಏನಾಗಬೇಕು? ನಮ್ಮ ಕ್ವಾರ್ಟರ್ಸಿಗೆ ಹತ್ತೇ ನಿಮಿಷದ ದಾರಿಯಲ್ಲಿ ಒಳ್ಳೆಯ ಇಂಗ್ಲಿಷ್ ಶಾಲೆ ಇದೆ. ಹುಡುಗಿಯನ್ನು ಒಂದನೆಯ ಇಯತ್ತೆಗೆ ಅಲ್ಲಿಗೆ ಹಾಕೋಣ, ನಮ್ಮಲ್ಲೇ ಇರಲಿ ಎಂದು ನಾನು ಹಟ ಹಿಡಿದೆ. ಶಾಲೆ ಒಂದು ನೆಪ ಎಂದು ನನಗೂ ಗೊತ್ತಿತ್ತು. ನನ್ನ ಮನೆಯಲ್ಲಿ ಎರಡು ಚಾದರ ಸದಾ ಮಡಚಿಟ್ಟ ಹಾಗೇ ಇರುತ್ತವೆ, ಅವನ್ನು ಯಾರಾದರೂ ಮುದ್ದೆ ಮಾಡಲಿ ಎಂಬ ಆಸೆ ನನಗಿತ್ತು. ವೈನಿ ಮೊದಲು ಎಮ್ಮೆಗಳಿಗೆ ನೀರಿಟ್ಟಳು. ಆಮೇಲೆ "ಎಂಟ ದಿನಾ ಒಯ್ದ ನೋಡು. ಹೊಂದಿಕೊಂಡ್ಳಂದರ ಇರಲಿ," ಎಂದಳು. ಅಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ಶಾಲೆಯಲ್ಲಿ ದೊಡ್ಡ ಬಾಯಿಯವರು, ಅಂದರೆ ಹೆಡ್ ಮಿಸ್ಸು, ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಆಕಳ ಚಿತ್ರ ತೋರಿಸಿ, ಕನ್ನಡದಲ್ಲೇ ಕೇಳಿದರು:

"ಇದು ನಮಗೇನು ಕೊಡತದ?"

"ಏನೂ ಕೊಡೂದಿಲ್ರಿ."

ನಾನು ಮೇಜಿನ ಕೆಳಗೆ ಅವಳ ಕಾಲು ಒತ್ತಿದೆ. ಬಾಯಿಯವರು ಮತ್ತೆ ಕೇಳಿದರು. "ಹಾಲು ಕೊಡೂದಿಲ್ಲೇನು?"

"ಅದು ತನ್ನ ಕರಕ್ಕ ಕೊಡತೈತ್ರಿ. ನಾವ ಹಿಂಡ್ಕೋತೀವಿ."

ನನ್ನ ಹನ್ನೊಂದು ವರ್ಷದ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಾಯಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕು, ಸೀಟು ಕೊಟ್ಟರು! ಮನೆಗೆ ಬರುತ್ತ ದಾರಿಯಲ್ಲೇ ಪಾಟಿಚೀಲ, ನೀರಿನ ಬಾಟಲಿ, ಹೂವಿನ ಚಿತ್ರವಿದ್ದ ಛತ್ರಿ ಕೊಂಡೆ. ಛತ್ರಿಯನ್ನು ನಾನೇ ಎರಡು ಸಲ ಬಿಚ್ಚಿ ನೋಡಿದೆ.

ಇನ್ನು ಊಟದ ಕಥೆ. ಮೊದಲ ದಿನ ತಾಟಿನ ಮುಂದೆ ಕೂತ ಹುಡುಗಿ ಕೈ ಹಚ್ಚಲಿಲ್ಲ. "ಮೊದಲ ಯಾರಿಗೆ ಹಾಕೂದು, ಅತ್ತಿ?" ಎಂದಳು. ನಮ್ಮ ಮನೆಯಲ್ಲಿ ಒಂದು ಹಲ್ಲಿ ಬಿಟ್ಟರೆ ಪ್ರಾಣಿಯೇ ಇಲ್ಲ. ಮೂಕಪ್ರಾಣಿಯೊಂದು ಉಣ್ಣದೆ ಇವಳು ಉಣ್ಣುವವಳಲ್ಲ. ಕೊನೆಗೆ ನಾನು, ಓಣಿಯ ನಾಯಿಗಳ ಮೇಲೆ ಮೂರು ಸಲ ಅರ್ಜಿ ಬರೆದು ಕೊಟ್ಟವಳು, ಕೈಯಲ್ಲಿ ರೊಟ್ಟಿ ಹಿಡಿದು "ಚೂ ಚೂ" ಎನ್ನುತ್ತ ಅದೇ ನಾಯಿಗಳ ಹಿಂದೆ ಓಡಿದೆ. ನಾಯಿಗಳಿಗೆ ನನ್ನ ಪರಿಚಯ ಚೆನ್ನಾಗಿಯೇ ಇತ್ತು, ಒಂದೂ ನಿಲ್ಲಲಿಲ್ಲ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ, "ಏನವಾ, ಹರಕಿ ಏನರ ಹೊತ್ತೀಯೇನು?" ಎಂದಳು. ಮೂರನೆಯ ಸುತ್ತಿನಲ್ಲಿ ಒಂದು ಕುಂಟು ನಾಯಿ ನನ್ನನ್ನು ಕ್ಷಮಿಸಿ ರೊಟ್ಟಿ ತಿಂದಿತು. ಆಮೇಲೆ ಹುಡುಗಿ ಉಂಡಳು, ನಾನೂ ಉಂಡೆ. ಅಷ್ಟು ರುಚಿಯಾದ ಊಟ ಆ ಮನೆಯಲ್ಲಿ ನಾನು ಹಿಂದೆ ಉಂಡಿರಲಿಲ್ಲ.

ಏಳನೆಯ ದಿನ ಸಂಜೆ ವೈನಿಯ ಫೋನು ಬಂತು.

"ಉಣತಾಳೇನು?"

"ಹೂಂ, ಉಣತಾಳ."

"ತಾಟಿನ್ಯಾಗ ಎಷ್ಟ ಬಿಡತಾಳ?"

"ಅರ್ಧ ರೊಟ್ಟಿ."

"ನೀರ ಕುಡೀತಾಳ? ಮಲಗಿದಾಗ ಕಾಲ ಚಾಚತಾಳೋ, ಮಡಚತಾಳೋ?"

ನನಗೆ ನಗು ತಡೆಯಲಾಗಲಿಲ್ಲ. "ವೈನಿ, ಮಗಳ ಸುದ್ದಿ ಕೇಳಾಕತ್ತೀಯೋ, ಎಮ್ಮಿ ಸುದ್ದಿ ಕೇಳಾಕತ್ತೀಯೋ? ಹುಡುಗಿಗೆ ಬಾಯಿ ಐತಿ. ಮನಿಗೆ ಹೋಗತೇನಿ ಅಂತ ಒಂದ ಸಲಾನೂ ಅಂದಿಲ್ಲ."

"ಅದಕ್ಕ ಕೇಳಾಕತ್ತೇನಿ," ಎಂದಳು ವೈನಿ. "ಈಗ ಎಲ್ಲಿ ಅದಾಳ?"

"ಹೊರಗ, ಗೇಟಿನ ಹತ್ರ ನಿಂತಾಳ."

"ಮಾರಿ ಯಾವ ಕಡೆ ಮಾಡ್ಯಾಳ?"

ಇದೆಂಥ ಪ್ರಶ್ನೆ ಎಂದೆ. ವೈನಿ ನಿಧಾನವಾಗಿ ಹೇಳಿದಳು. "ಸಂತ್ಯಾಗ ಕೊಂಡ ತಂದ ಎಮ್ಮಿ ಮೇಯತೈತಿ, ನೀರ ಕುಡೀತೈತಿ, ಹಾಲೂ ಕೊಡತೈತಿ. ಸಂಜೀ ಮುಂದ ಮಾತ್ರ ತನ್ನ ಹಳೇ ಮನಿ ಕಡೆ ಮಾರಿ ಮಾಡಿ ನಿಂದರತೈತಿ. ನಿನಗ ಸಿಟ್ಟ ಬರಬಾರದವಾ, ನನಗ ಇದೊಂದ ತಿಳೀತೈತಿ. ನೀ ನೋಡಿ ಹೇಳು. ನೀ ಹೇಳಿದಂಗ ಮಾಡೂಣು."

ಕಿಟಕಿಯಿಂದ ನೋಡಿದೆ. ಓಣಿಯ ಮಕ್ಕಳು ಎಡಗಡೆ ಮೈದಾನದಲ್ಲಿ ಕೂಗಾಡುತ್ತ ಆಡುತ್ತಿದ್ದರು. ಹುಡುಗಿ ಅತ್ತ ನೋಡುತ್ತಿರಲಿಲ್ಲ. ಗೇಟಿನ ಸರಳು ಹಿಡಿದು, ಸನವಳ್ಳಿಗೆ ಹೋಗಲು ಹತ್ತುವ ಹಳಿಯಾಳದ ಬಸ್ಸು ತಿರುಗಿ ಹೋಗುವ ರಸ್ತೆಯ ಕಡೆ ಮುಖ ಮಾಡಿ, ಅಲುಗಾಡದೆ ನಿಂತಿದ್ದಳು. ಈ ಏಳು ದಿನವೂ ಸಂಜೆ ಅವಳು ಅಲ್ಲೇ ನಿಂತಿದ್ದಳು. ಗಾಳಿಗೆ ನಿಂತಿದ್ದಾಳೆ ಎಂದುಕೊಂಡಿದ್ದೆ.

ಒಂದು ಸಣ್ಣ ಸುಳ್ಳು ಸಾಕಿತ್ತು. ಆಡುವ ಮಕ್ಕಳ ಕಡೆ ನೋಡುತ್ತಿದ್ದಾಳೆ ಎಂದಿದ್ದರೆ ವೈನಿ ನಂಬುತ್ತಿದ್ದಳು, ಹುಡುಗಿ ನನ್ನ ಮನೆಯಲ್ಲಿ ಉಳಿಯುತ್ತಿದ್ದಳು. ಆ ಸುಳ್ಳು ನನ್ನ ನಾಲಿಗೆಯ ತನಕ ಬಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

"ನಿಮ್ಮ ಕಡೆ, ವೈನಿ," ಎಂದೆ.

ನಾಳೆ ಕರೆದುಕೊಂಡು ಬಾ ಎನ್ನುತ್ತಾಳೆಂದು ಕಾದೆ. ಅವಳು ಹಾಗೆನ್ನಲಿಲ್ಲ.

"ನೀ ಯಾವ ಕಡೆ ನಿಂದರತೀಯವಾ?" ಎಂದಳು. "ನಾ ಈ ಮನಿಗೆ ಬರೂಕಿಂತ ಮೊದಲ ನಿನ್ನ ಕಳಿಸಿದ್ರು. ಅದನ್ನ ಯಾರೂ ನಿನಗ ಕೇಳಿರಾಕಿಲ್ಲ. ನಾನೂ ಕೇಳಲಿಲ್ಲ ನೋಡು."

ಹನ್ನೊಂದು ವರ್ಷ ಸಂಜೆಯಾದರೆ ಈ ಕಿಟಕಿಯಲ್ಲಿ ನಿಂತು ನಾನು ಏನು ನೋಡುತ್ತಿದ್ದೆ ಎನ್ನುವುದು ಆಗಲೇ ನನಗೆ ತಿಳಿದದ್ದು. ಬಿಕ್ಕಿ ಬಿಕ್ಕಿ ಅತ್ತೆ. ವೈನಿ ಸಮಾಧಾನ ಮಾಡಲಿಲ್ಲ, ಅಳು ಮುಗಿಯುವ ತನಕ ಫೋನೂ ಇಡಲಿಲ್ಲ.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಹುಡುಗಿಯ ಪಕ್ಕದಲ್ಲಿ ನಾನೂ ಗೇಟಿನ ಸರಳು ಹಿಡಿದು ನಿಂತೆ. "ನಾಳೆ ಮುಂಜಾನೆ ಊರಿಗೆ ಹೋಗೂಣು," ಎಂದೆ. ಅವಳು ನನ್ನ ಮುಖ ನೋಡಿ, ಒದ್ದೆಯಾಗಿದ್ದ ನನ್ನ ಕೆನ್ನೆ ಮುಟ್ಟಿ, "ನೀನೂ ಅಲ್ಲೇ ಇರತೀ ಹೌದಿಲ್ಲೋ?" ಎಂದು ಕೇಳಿದಳು.