ಬಾವಿಯ ಗೂಡಿನಾಚೆಯ ಊರು

ಸಾವು ಕಾಯುವ ಜಾಗದಲ್ಲಿ ನಗು ಬರಬಾರದು. ಆದರೂ ಅದು ಚಪ್ಪಲಿ ಕಳಚದೆ ಒಳಗೆ ನುಗ್ಗುತ್ತದೆ. ನೌಕರಿಯುದ್ದಕ್ಕೂ ಅದನ್ನು ಬಾಗಿಲಲ್ಲೇ ತಡೆಯಲು ನೋಡಿದೆ, ಆಗಲಿಲ್ಲ.

ತೊಂಬತ್ತರ ದಶಕದಲ್ಲಿ ಸಿಂದಗಿಯ ಒಂದು ಆಸ್ಪತ್ರೆಯಲ್ಲಿ ನಾನು ಮೇಟ್ರನ್ ಆಗಿದ್ದೆ.

೧. ಜ್ವರ

ನಾನು ಕಾನ್ವೆಂಟಿನಲ್ಲಿ ಕಲಿತವಳು. ಕಟ್ಟುಕತೆ ಸೋಮಾರಿಗಳಿಗೆ ಎಂದು ನಂಬಿದ್ದವಳು. ವಾಸಿಯಾಗಿ ಹೋದ ರೋಗಿಯೊಬ್ಬರು ಒಂದು ಇಂಗ್ಲಿಷ್ ಕಾದಂಬರಿ ಬಿಟ್ಟುಹೋದರು. ಅದರಲ್ಲಿ ಹುಡುಗಿಯೊಬ್ಬಳು ಬಾವಿ ಗೋಡೆಯ ಗೂಡಿನೊಳಗೆ ತೆವಳಿ ಬೇರೊಂದು ಲೋಕ ಸೇರುತ್ತಾಳೆ. ಅಲ್ಲಿ ಯಾರಿಗೂ ಮೈನೋವಿಲ್ಲ. ನಮ್ಮ ವಾರ್ಡಿನ ನರಳಾಟದ ನಡುವೆ ಕೂತು ಓದುತ್ತ ಆ ಪುಸ್ತಕಕ್ಕೆ ಮನಸೋತೆ.

ಆಯಾ ಹತ್ತಿರ ಬಂದಳು. "ಬಾಯಾರ, ಜ್ವರ ನೋಡ್ಲೇನ್ರಿ?"

"ಯಾರದು?"

"ನಿಮ್ದರಿ. ಒಬ್ಬರ ನಗಾಕತ್ತೀರಿ."

೨. ಟೆಂಪೋ

ಮೂಲೆಯ ಹಾಸಿಗೆಯಲ್ಲಿ ಮೋರಟಗಿಯ ಮುದುಕಿ. ಹೊಟ್ಟೆಯಲ್ಲಿ ಗಡ್ಡೆ, ಬದುಕುಳಿಯುವ ಭರವಸೆ ಇರಲಿಲ್ಲ. ಇಂಜೆಕ್ಷನ್ನಿನ ಬಲ ಮಧ್ಯಾಹ್ನದೊಳಗೆ ಇಳಿಯುತ್ತಿತ್ತು. ಮುಂದಿನದು ಸಿಗುವವರೆಗೆ ನಾನು ಪುಸ್ತಕದ ಕತೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಆಕೆ ಹಲ್ಲು ಕಚ್ಚಿ ಕೇಳುತ್ತಿದ್ದಳು. ಜನ್ಮವಿಡೀ ಅತ್ತೆಯೊಡನೆ ಜಗಳಾಡಿದ ಸೊಸೆ, ಬೆನ್ನು ತಿರುಗಿಸಿ ಕೂತು, ಕೇಳದವಳಂತೆ ಕೇಳುತ್ತಿದ್ದಳು.

ಜೀವ ಮನೆಯಲ್ಲೇ ಹೋಗಬೇಕೆಂದು ಮಗ ಟೆಂಪೋ ತಂದ. ಮುದುಕಿ ಏಳಲಿಲ್ಲ.

"ಆ ಹುಡುಗಿ ಇನ್ನೂ ಆಚಿ ಕಡೆನ ಅದಾಳ. ಆಕಿನ್ನ ನಡುವ ಬಿಟ್ಟು ಹೆಂಗ ಬರ್ಲಿ?"

"ಯವ್ವಾ, ಟೆಂಪೋದಾಂವ ಕಾಯಾಕತ್ತಾನ."

"ಅವನ್ನೂ ಕರಿ. ಕುಂತು ಕೇಳ್ಲಿ."

ಅವನು ಬಂದು ಕೂತ. ಸ್ವಲ್ಪ ಹೊತ್ತಿಗೆ ಮಗನೇ ಹೊರಡೋಣವೆಂದಾಗ, "ತಡೀರಿ ಸಾವ್ಕಾರ, ಆಕಿ ನದಿ ದಾಟ್ಲಿ" ಎಂದ ಟೆಂಪೋದವ.

೩. ಗೂಡು

ಕತೆ ಮುಗಿಸಿದೆ. ಹುಡುಗಿ ಅದೇ ಗೂಡಿನಿಂದ ಮನೆಗೆ ಮರಳುತ್ತಾಳೆ.

"ಹುಚ್ಚಿ" ಎಂದಳು ಮುದುಕಿ. "ನಾ ಆದ್ರ ಬರ್ತಿದ್ದಿಲ್ಲ." ಆಮೇಲೆ ಮಗನಿಗೆ ಹೇಳಿದಳು: "ನನ್ನ ಗೂಡು ಆಳ ತೋಡಸು. ಹಾದಿ ಇದ್ರೂ ಇರಬಹುದು."

ಅವರಲ್ಲಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿಯ ಒಳಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ಕೂಡಿಸಿ, ಗೂಡಿನ ಬಾಯಿಗೆ ಕಲ್ಲಿಟ್ಟು ಮುಚ್ಚುತ್ತಾರೆ.

ಆಕೆ ಮನೆಯಲ್ಲೇ ತೀರಿಕೊಂಡ ಸುದ್ದಿ ಬಂದಾಗ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಮೋರಟಗಿಗೆ ಹೋದೆ. ಅವರ ಹೊಲದಲ್ಲಿ ಕುಣಿ ತೋಡಿದ್ದರು. ಮಗ ಮಾತು ಉಳಿಸಿಕೊಂಡಿದ್ದ: ಗೂಡು ಎಷ್ಟು ಆಳವಿತ್ತೆಂದರೆ, ಕೂಡಿಸಿದ ಮೇಲೆ ಮುದುಕಿಯ ಮುಖ ಕತ್ತಲೆಯಲ್ಲಿ ಕಾಣಿಸಲಿಲ್ಲ. ಹೆಣ ನೋಡಿ ಅಳುವವಳಲ್ಲ ನಾನು. ಅಂದು ಕನ್ನಡಕ ಒರೆಸಬೇಕಾಯಿತು.

ಸೊಸೆ ತಲೆ ಮೇಲೆ ಸೆರಗು ಹೊದ್ದು ನನ್ನ ಬಳಿ ಬಂದಳು. ಕಣ್ಣು ಕೆಂಪಾಗಿದ್ದವು. ಸಮಾಧಾನ ಹೇಳಲು ಕೈ ಹಿಡಿದೆ.

"ಬಾಯಾರ, ಆ ಹುಡುಗಿ ಹೋದ ಗೂಡಿನಿಂದನ ತಿರುಗಿ ಬಂದ್ಲಲ್ರಿ?"

"ಹೌದು."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಕುಣಿ ಮುಚ್ಚುತ್ತಿದ್ದವರತ್ತ ತಿರುಗಿದಳು.

"ಅಣ್ಣಾ, ಗೂಡಿನ ಬಾಯಿಗೆ ಇನ್ನೊಂದು ಕಲ್ಲು ಇಡ್ರಿ. ದೊಡ್ಡದು."